ಗಡಿಯಾರವನ್ನು ಹಿಂದಿಡುವ ದೇಶ

ಕಳೆದ ನವೆಂಬರ್ ತಿಂಗಳ ಮೊದಲನೆಯ ಭಾನುವಾರ ಸಂಜೆ, ಬಿದರೆಹಳ್ಳ ಕಾವಲಿನ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಯಾರೂ ಮಾತನಾಡಲಿಲ್ಲ. ನ್ಯೂಯಾರ್ಕಿನಲ್ಲಿರುವ ನಮ್ಮ ಮಗಳು ಪ್ರತಿ ಭಾನುವಾರ ಅಲ್ಲಿಯ ಬೆಳಗಿನ 9 ಘಂಟೆಗೆ, ಎಂದರೆ ಇಲ್ಲಿಯ ಸಂಜೆ 6½ ಘಂಟೆಗೆ, ಫೋನು ಮಾಡುವುದು ವಾಡಿಕೆ. ಆಗ ಅವಳು ಏಳು ತಿಂಗಳ ಗರ್ಭಿಣಿ. 7 ಘಂಟೆಯಾದರೂ ಸುದ್ದಿಯಿಲ್ಲ. ದೇವರ ಮುಂದೆ ಕುಳಿತ ನಮ್ಮ ಗೃಹಿಣಿಯು ಏಳಲೇ ಇಲ್ಲ. 7½ಕ್ಕೆ ಕರೆ ಬಂದಿತು.

"ರಾತ್ರಿ ಇಲ್ಲಿ ಗಡಿಯಾರವನ್ನು ಒಂದು ಘಂಟೆ ಹಿಂದಕ್ಕೆ ತಿರುಗಿಸಿದರಮ್ಮ, ಹೇಳೋದು ಮರೆತೆ."

"ಸೂರ್ಯ ಒಪ್ಪಿದನೇನೇ?"

ಗೃಹಿಣಿಯ ಈ ಪ್ರಶ್ನೆಯು ವಿಚಾರಾರ್ಹವಾದುದು. ಆ ದೇಶದವರು ಮಾರ್ಚಿ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಮುಂದಿಟ್ಟು, ನವೆಂಬರಿನಲ್ಲಿ ಹಿಂದಿಡುತ್ತಾರೆ. ಬೇಸಗೆಯಲ್ಲಿ ಜನರು ನಿದ್ರಿಸುತ್ತಿರುವಾಗ ವ್ಯರ್ಥವಾಗತಕ್ಕ ಬೆಳಕನ್ನು ಸಂಜೆಗೆ ಒದಗಿಸಿಕೊಳ್ಳುವ ಉಪಾಯವಿದು. 1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಜರ್ಮನಿಯೂ ಇಂಗ್ಲೆಂಡೂ ಇದನ್ನು ಕೈಗೊಂಡವು. ಲಂಡನ್ನಿನಲ್ಲಿ ಅತಿದೀರ್ಘವಾದ ಹಗಲು ಸುಮಾರು 16½ ಘಂಟೆ, ಅತಿಹ್ರಸ್ವವಾದುದು 8ಕ್ಕೂ ಕಡಿಮೆ. ನಮ್ಮ ಗುಬ್ಬಿಯ ಸೀಮೆಯಲ್ಲಿ ಇವೆರಡರ ಅಂತರವು ಒಂದೂವರೆ ಘಂಟೆಯಷ್ಟೆ. ಉಳಿಸುವುದಕ್ಕೆ ಬೆಳಕೆಲ್ಲಿದೆ?

ಆದರೂ ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಇಂಡಿಯಾದ ಗಡಿಯಾರವನ್ನೂ ಒಂದು ಘಂಟೆ ಮುಂದಿಟ್ಟಿದ್ದರು. 1906ರಲ್ಲಿ ಬಂದ ಇಂಡಿಯಾದ ಕಾಲಮಾನವೇ 82½ ಅಂಶದ ರೇಖಾಂಶವನ್ನು ಅನುಸರಿಸತಕ್ಕದ್ದು. ನಮ್ಮ ಊರು ಅದಕ್ಕೆ ಸುಮಾರು ಐದೂವರೆ ಅಂಶ ಪಶ್ಚಿಮಕ್ಕಿರುವುದರಿಂದ, ಇಲ್ಲಿ ನಡುಹಗಲು ಸರಾಸರಿ 12 ಘಂಟೆ 22 ನಿಮಿಷಕ್ಕೆ. ಹೆಚ್ಚುಕಡಿಮೆ ಒಂದು ಗಳಿಗೆ ತಡ. ಯುದ್ಧಕಾಲದಲ್ಲಿ ಅದು 1 ಘಂಟೆ 22 ನಿಮಿಷವಾಯಿತು. ದನಗಳಿಗೆ ಇದಾವುದೂ ತಿಳಿಯದು. (ಈಗಲೂ ಇಲ್ಲಿ ದನಗಳು ಸೂರ್ಯನನ್ನು ನೋಡಿ ಮನೆಗೆ ತಿರುಗುತ್ತವೆ, 2023ರಲ್ಲಿ ಆರಂಭವಾದ ಹೆಲಿಕಾಪ್ಟರ್ ಕಾರ್ಖಾನೆಗೆ ಜನರು ಗಡಿಯಾರವನ್ನು ನೋಡಿ ಹೋಗುತ್ತಾರೆ.)

ತೊಡಕಾದುದು ಜಾತಕಗಳಿಗೆ. ಆ ಮೂರು ವರ್ಷಗಳಲ್ಲಿ ಹುಟ್ಟಿದವರ ಜನ್ಮಕಾಲದಲ್ಲಿ ಒಂದು ಘಂಟೆಯನ್ನು, ಎಂದರೆ ಎರಡೂವರೆ ಗಳಿಗೆಯನ್ನು, ಕಳೆಯದೆ ಗಣಿಸಿದರೆ ಲಗ್ನವೇ ಬೇರೆಯಾದೀತು. ಒಂದು ಲಗ್ನದ ಅವಧಿ ಸುಮಾರು ಎರಡು ಘಂಟೆಯಲ್ಲವೇ? ಅಮೆರಿಕದಲ್ಲಿ ಬೇಸಗೆಯಲ್ಲಿ ಹುಟ್ಟುವ ನಮ್ಮವರ ಮಕ್ಕಳಿಗೂ ಇದೇ ಲೆಕ್ಕ. ಇದನ್ನು ನಾವು ಗೃಹಿಣಿಗೆ ವಿವರಿಸಿದೆವು, ಗೃಹಿಣಿಯು ಮಗಳಿಗೆ ವಾರವಾರವೂ ಎಚ್ಚರಿಸಿದಳು.

ಜನವರಿಯಲ್ಲಿ ಮೊಮ್ಮಗಳು ಹುಟ್ಟಿದಳು. ಫೋನಿನಲ್ಲಿ ಮಗಳು ಹೆರಿಗೆಯಾದ ಘಂಟೆ ನಿಮಿಷಗಳನ್ನು ಹೇಳಿ, ಉಸಿರು ಎಳೆದುಕೊಂಡು, "ಕಳೆಯೋದು ಬೇಡಮ್ಮ, ಇದು ಚಳಿಗಾಲದ ಟೈಮು" ಎಂದಳು.