ರಿಜಿಸ್ಟರಿನ ಹಾಳೆ, ಸ್ಕ್ಯಾನಿನ ಪ್ರತಿ

ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರ ಸಿಂಧುವೋ ಅಲ್ಲವೋ ಎಂಬುದು ಬಹುಮಟ್ಟಿಗೆ ಹಳೆಯ ಕಾಗದದ ಮೇಲೆ ನಿಂತಿದೆ. ಪರಿಶಿಷ್ಟ ಜಾತಿಯವರಿಗೆ 1950ರ ಆಗಸ್ಟ್ 10, ವಿಮುಕ್ತ ಮತ್ತು ಅಲೆಮಾರಿ ಸಮುದಾಯದವರಿಗೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗದವರಿಗೆ 1967ರ ಅಕ್ಟೋಬರ್ 13 ಗಡಿ ದಿನಾಂಕಗಳು. ಅದಕ್ಕೂ ಹಿಂದಿನ ಪುರಾವೆಗೆ ತೂಕ ಹೆಚ್ಚು: ಅಜ್ಜನ ಶಾಲೆಯ ದಾಖಲಾ, ಹುಟ್ಟುಸಾವು ಬರೆದಿಟ್ಟ ಕೋತವಾಲ ಬುಕ್, ಜಮೀನಿನ ಉತಾರ. ಇವನ್ನು ಪರಿಶೀಲಿಸಲು ಸಮಿತಿಯೂ ಅದಕ್ಕೊಂದು ಜಾಗೃತ ದಳವೂ ಇರಬೇಕೆಂದು ಸುಪ್ರೀಂ ಕೋರ್ಟ್ 1994ರ ಮಾಧುರಿ ಪಾಟೀಲ ಪ್ರಕರಣದಲ್ಲಿ ಹೇಳಿತು.

ಸೊಲ್ಲಾಪುರ ಮತ್ತು ಅಕ್ಕಲಕೋಟದ ಸೀಮೆಯಲ್ಲಿ ಈ ಕೆಲಸ ಬಲು ತೊಡಕಿನದು. ಸೊಲ್ಲಾಪುರ ನೇರವಾಗಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಅಕ್ಕಲಕೋಟ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಪಕ್ಕದ ಉಮರ್ಗಾ, ಆಳಂದ ಕಡೆಯೆಲ್ಲ ನಿಜಾಮನ ರಾಜ್ಯ. ಹೀಗಾಗಿ ಒಂದೇ ಮನೆತನದ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ ಹರಡಿಕೊಂಡಿರಬಹುದು. ನಿಜಾಮನ ದಫ್ತರದ ತಾರೀಖು ಫಸಲಿ ವರ್ಷದ್ದು. ಅದಕ್ಕೆ ಸುಮಾರು 590 ಕೂಡಿಸಿದರೆ ಇಸವಿ ಸಿಗುತ್ತದೆ: ಫಸಲಿ 1344 ಎಂದರೆ 1934ರ ಆಸುಪಾಸು. ಲಿಪಿ ಓದಲಾಗದವನಿಗೆ ಕಾಗದ ಅಸಲಿಯೇ ಆಗಿದ್ದರೂ ಮೂಕವೇ. 2023ರಲ್ಲಿ ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ಕುಣಬಿ ದಾಖಲೆ ಹುಡುಕಲು ಹೊರಟಾಗ ಮೋಡಿ, ಉರ್ದು ಬಲ್ಲವರಿಗೆ ರಾಜ್ಯವೆಲ್ಲ ಬೇಡಿಕೆ ಬಂದದ್ದು ಇದೇ ಕಾರಣಕ್ಕೆ.

ಇಂಥ ಪರಿಶೀಲನೆ ದೇಶದ ಕಣ್ಣಿಗೆ ಬಿದ್ದದ್ದು 2020ರಲ್ಲಿ. ಹಿಂದಿನ ವರ್ಷ ಸೊಲ್ಲಾಪುರ ಮೀಸಲು ಕ್ಷೇತ್ರದಿಂದ ಲೋಕಸಭೆಗೆ ಗೆದ್ದಿದ್ದ ಡಾ. ಜಯಸಿದ್ಧೇಶ್ವರ ಸ್ವಾಮಿಯವರ ಬೇಡ ಜಂಗಮ ಪ್ರಮಾಣಪತ್ರ ಅಕ್ಕಲಕೋಟ ತಹಶೀಲಿನದು. ಅದನ್ನು ಸೊಲ್ಲಾಪುರದ ಪರಿಶೀಲನಾ ಸಮಿತಿ ಆ ಫೆಬ್ರವರಿಯಲ್ಲಿ ಅಸಿಂಧುವೆಂದಿತು. ಅವರು ಒಪ್ಪಲಿಲ್ಲ; ವಾದ ಬಾಂಬೆ ಹೈಕೋರ್ಟಿಗೆ ಹೋಯಿತು.

ಹಾಳೆಯೊಂದರ ಮೇಲೆ ಸಂಶಯ ಬಂದಾಗ ಪರೀಕ್ಷಕರು ಬರಹವನ್ನು ಓದುವ ಮೊದಲು ವಸ್ತುವನ್ನು ನೋಡುತ್ತಾರೆ. ಬೋರು ಕಡ್ಡಿಯಿಂದ ಬರೆದ ಮಸಿ ಇಂಗಾಲದ್ದು. ಅತಿರಕ್ತ ಕಿರಣದಲ್ಲೂ ಅದು ಕಪ್ಪಾಗಿಯೇ ಕಾಣುತ್ತದೆ. ಕಬ್ಬಿಣದ ಲವಣದಿಂದ ಮಾಡಿದ ಹಳೆಯ ಶಾಯಿ ಅದೇ ಬೆಳಕಿನಲ್ಲಿ ಮಸುಕಾಗುತ್ತ ಹೋಗುತ್ತದೆ. ಬಾಲ್‌ಪೆನ್ನಿನ ನೀಲಿ ಬಣ್ಣವಂತೂ ಸಾಮಾನ್ಯವಾಗಿ ಮಾಯವೇ ಆಗುತ್ತದೆ. ಜಾತಿಯ ಕಾಲಮಿನಲ್ಲಿ ಮೊದಲೇ ಇದ್ದ ಪದದ ಪಕ್ಕ ಇನ್ನೊಂದು ಪದ ತುರುಕಿದ್ದರೆ, ಬರಿಗಣ್ಣಿಗೆ ಒಂದೇ ಬಣ್ಣವಾಗಿ ಕಂಡ ಎರಡು ಶಾಯಿಗಳು ಹೀಗೆ ಬೇರೆಬೇರೆಯಾಗುತ್ತವೆ. ಬಾಲ್‌ಪೆನ್ನು ಪೇಟೆಗೆ ಬಂದದ್ದೇ 1945ರ ಸುಮಾರಿಗೆ. 1930ರ ನೋಂದಣಿಯಲ್ಲಿ ಅದರ ಗೆರೆ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಈಗಿನ ಕಾಗದಕ್ಕೆ ಬಿಳುಪು ಹೆಚ್ಚಿಸಲು ಬೆರೆಸುವ ರಾಸಾಯನಿಕ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ, ಹಳೆಯ ಹಾಳೆ ಹೊಳೆಯುವುದಿಲ್ಲ. ಒತ್ತಿ ಬರೆದ ಗುರುತು ಕೆಳಗಿನ ಹಾಳೆಗೂ ಇಳಿದಿರುತ್ತದೆ. ಅಳಿಸಿದ ಜಾಗದಲ್ಲಿ ಎಳೆಗಳು ಎದ್ದಿರುತ್ತವೆ. ಪುಸ್ತಕದ ಹೊಲಿಗೆ, ಪುಟದ ಸಂಖ್ಯೆ, ಹಿಂದುಮುಂದಿನ ನಮೂದುಗಳ ಕೈಬರಹ ಕೂಡ ಮಾತಾಡುತ್ತವೆ. ನಡುವೆ ಸೇರಿಸಿದ ಹಾಳೆ ಈ ಎಲ್ಲದರಲ್ಲೂ ಹೊಂದಿಕೊಳ್ಳುವುದು ಬಲು ಕಷ್ಟ.

ಡಿಜಿಟಲ್ ಕಡತಕ್ಕೆ ಶಾಯಿಯೂ ಇಲ್ಲ, ಎಳೆಯೂ ಇಲ್ಲ. ಅಲ್ಲಿ ಆಸರೆ ಗಣಿತ. ಕಡತವನ್ನು ಎಸ್‌ಎಚ್‌ಎ-256 ಎಂಬ ಸೂತ್ರಕ್ಕೆ ಒಡ್ಡಿದರೆ 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಇದೇ ಹ್ಯಾಶ್ ಮೌಲ್ಯ. ಕಡತದೊಳಗೆ ಒಂದು ಅಲ್ಪವಿರಾಮ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ. ತನಿಖೆಯವರು ಫೋನು ಇಲ್ಲವೇ ಹಾರ್ಡ್ ಡಿಸ್ಕಿನ ಪಡಿಯಚ್ಚು ತೆಗೆದು, ಎರಡರ ಹ್ಯಾಶ್ ತಾಳೆ ನೋಡಿ, ಪಡಿಯಚ್ಚಿನ ಮೇಲೆಯೇ ಕೆಲಸ ಮಾಡಬೇಕು.

ಕಾನೂನು ಇದನ್ನು ಗಟ್ಟಿಯಾಗಿ ಹಿಡಿದಿದೆ. ಮರಾಠವಾಡದ ಜಾಲನಾದಲ್ಲಿ 2014ರ ವಿಧಾನಸಭಾ ಚುನಾವಣೆಯ ನಾಮಪತ್ರ ಮಧ್ಯಾಹ್ನ ಮೂರರ ಒಳಗೆ ಬಂತೋ ಅಲ್ಲವೋ ಎಂಬ ತಕರಾರಿನಲ್ಲಿ ಕಚೇರಿಯ ವಿಡಿಯೊ ಸಾಕ್ಷಿಯಾಗಿತ್ತು. ಮೂಲ ಉಪಕರಣವನ್ನೇ ಹಾಜರುಪಡಿಸದಿದ್ದಾಗ ಡಿಜಿಟಲ್ ಸಾಕ್ಷ್ಯದ ಜೊತೆ ಅದರ ಬಗೆಗಿನ ಪ್ರಮಾಣಪತ್ರವೂ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರ ಜುಲೈನಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಈ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯವನ್ನೇ ಬರೆಯಬೇಕು.

ಹುಟ್ಟುವಾಗಲೇ ಡಿಜಿಟಲ್ ಆದದ್ದು ಮತ್ತು ಆಮೇಲೆ ಡಿಜಿಟಲ್ ಆದದ್ದು ಒಂದೇ ಅಲ್ಲ. ಇಂದು ಆನ್‌ಲೈನಿನಲ್ಲಿ ಸಿಗುವ ಡಿಜಿಟಲ್ ಸಹಿಯ ಸಾತಬಾರಾ ಉತಾರದಲ್ಲಿ ಸಹಿಯಾದ ಮೇಲೆ ಯಾರಾದರೂ ಕೈಯಾಡಿಸಿದ್ದರೆ ಗೊತ್ತಾಗುತ್ತದೆ. ಹಳೆಯ ಶಾಲಾ ರಿಜಿಸ್ಟರಿನ ಸ್ಕ್ಯಾನಿಗೆ ಹ್ಯಾಶ್ ಕೊಡುವ ಭರವಸೆ ಇಷ್ಟೇ: ಸ್ಕ್ಯಾನ್ ಮಾಡಿದ ಘಳಿಗೆಯಿಂದ ಈಚೆಗೆ ಚಿತ್ರ ಬದಲಾಗಿಲ್ಲ. ಅದಕ್ಕಿಂತ ಮುಂಚೆ ಯಾರೋ ಒಂದು ಪದ ಸೇರಿಸಿದ್ದರೆ ಆ ಸುಳ್ಳೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಸಾಮಾನ್ಯ ಸ್ಕ್ಯಾನರು ಅತಿರಕ್ತ ಕಿರಣದಲ್ಲಿ ನೋಡುವುದಿಲ್ಲ, ಕಾಗದದ ಒತ್ತುಗುರುತನ್ನು ಹಿಡಿಯುವುದಿಲ್ಲ. ಮೂವತ್ತು ವರ್ಷ ದಾಟಿ, ಯೋಗ್ಯ ವಶದಲ್ಲಿದ್ದ ದಸ್ತಾವೇಜಿನ ಸಹಿ ಮತ್ತು ಬರಹವನ್ನು ಕೋರ್ಟು ನಿಜವೆಂದು ಭಾವಿಸಬಹುದು. ಆದರೆ ಆ ಅನುಕೂಲ ಮೂಲಕ್ಕೆ ಸಲ್ಲುತ್ತದೆ, ನಕಲಿಗಲ್ಲವೆಂದು ಪ್ರಿವಿ ಕೌನ್ಸಿಲ್ 1935ರಷ್ಟು ಹಿಂದೆಯೇ ತೀರ್ಪಿತ್ತಿತ್ತು.

ಆದ್ದರಿಂದ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳ ಹಳೆಯ ರಿಜಿಸ್ಟರುಗಳನ್ನು ಸ್ಕ್ಯಾನ್ ಆಯಿತೆಂದು ರದ್ದಿಗೆ ಹಾಕಬಾರದು. ಕಾಳಜಿಯಿಂದಲೇ ಆದರೂ ಲ್ಯಾಮಿನೇಷನ್ ಮಾಡಿಸಬಾರದು. ಪ್ಲಾಸ್ಟಿಕ್ಕಿನಡಿ ಸೇರಿದ ಶಾಯಿಯನ್ನು ಪರೀಕ್ಷಿಸುವುದು ತೀರ ಕಷ್ಟ. ಒಣ ಜಾಗ, ಹುಳ ಹತ್ತದ ಕಪಾಟು, ಯಾರು ಯಾವಾಗ ತೆಗೆದು ನೋಡಿದರೆಂದು ಬರೆದಿಡುವ ಒಂದು ವಹಿ ಇದ್ದರೆ ಸಾಕು.