ನಾದಸ್ನಾನ: ಮನೆಯ ಸಮಾರಂಭಕ್ಕೊಂದು ಮೌನದ ಗಳಿಗೆ

ಬಾತ್ ಎಂದರೆ ನಮ್ಮ ಕನ್ನಡಿಗರಿಗೆ ತಕ್ಷಣ ನೆನಪಾಗುವುದು ವಾಂಗೀಬಾತ್, ಬಿಸಿಬೇಳೆಬಾತ್, ಹೆಚ್ಚೆಂದರೆ ಚೌಚೌಬಾತ್! ಹೀಗಿರುವಾಗ "ಶನಿವಾರ ಸಂಜೆ ನಮ್ಮ ಮನೆಯಲ್ಲಿ ಸೌಂಡ್ ಬಾತ್ ಇದೆ, ತಪ್ಪದೆ ಬನ್ನಿ" ಎಂದು ಯಾರಾದರೂ ಕರೆದರೆ ಇದ್ಯಾವ ಹೊಸ ತಿಂಡಿ ಎಂದು ಕೇಳುವವರೇ ಹೆಚ್ಚು. ಟವೆಲ್ ತರಬೇಕೇ ಎಂದು ವಿಚಾರಿಸುವವರೂ ಉಂಟು. ಇದು ತಿನ್ನುವುದೂ ಅಲ್ಲ, ನೀರು ಹೊಯ್ದುಕೊಳ್ಳುವುದೂ ಅಲ್ಲ. ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿ, ಲೋಹದ ಬಟ್ಟಲು, ಜಾಗಟೆ, ಕಿರುಗಂಟೆಗಳಿಂದ ಹೊರಡುವ ನಾದವನ್ನು ಅರ್ಧ ಮುಕ್ಕಾಲು ಗಂಟೆ ಸುಮ್ಮನೆ ಕೇಳುವುದು, ಅಷ್ಟೆ. ಕನ್ನಡದಲ್ಲಿ ಇದನ್ನು ನಾದಸ್ನಾನ ಎನ್ನೋಣ.

ಸಿಂಗಪುರದ ಯೋಗ ಕೇಂದ್ರಗಳಲ್ಲಿ ಮೊದಲು ಕಾಣಿಸಿಕೊಂಡ ಈ ಪದ್ಧತಿ ಈಗ ಹುಟ್ಟುಹಬ್ಬ, ಮದುವೆಯ ಹಿಂದಿನ ದಿನದ ಕೂಟ, ಗೃಹಪ್ರವೇಶಗಳಿಗೂ ಬರುತ್ತಿದೆ. ಜುರಾಂಗ್ ವೆಸ್ಟ್‌ನ ಎಚ್‌ಡಿಬಿ ಮನೆಗಳಲ್ಲಿ ವಾಸಿಸುವ ನಮ್ಮಂಥವರು ಇದನ್ನು ಮನೆಯಲ್ಲಿ ಏರ್ಪಡಿಸುವುದಾದರೆ ಏನೇನು ತಿಳಿದಿರಬೇಕು, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದನ್ನು ನೋಡೋಣ ಬನ್ನಿ.

ಹೆಸರು ಹೊಸದು, ನಾದ ಹಳೆಯದು

ನಮ್ಮವರಿಗೆ ನಾದದ ಮಹತ್ವವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಮಂಗಳಾರತಿಯ ಹೊತ್ತಿಗೆ ಜಾಗಟೆ, ಶಂಖ, ಗಂಟೆಗಳು ಮೊಳಗಿ ನಿಂತ ಮೇಲೆ ಗರ್ಭಗುಡಿಯ ಮುಂದೆ ಉಳಿಯುವ ಆ ಗುಂಯ್ ಎನ್ನುವ ಶೇಷನಾದವನ್ನು ಕೇಳದವರು ಯಾರು? ಹದಿಮೂರನೆಯ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರವು ನಾದವನ್ನು ಆಹತ, ಅನಾಹತ ಎಂದು ಎರಡಾಗಿ ವಿಂಗಡಿಸುತ್ತದೆ. ಬಡಿದು, ಮೀಟಿ ಹುಟ್ಟಿಸುವ ನಾದ ಆಹತ; ಬಡಿಯದೆಯೇ ಒಳಗೆ ಇರುವುದು ಅನಾಹತ. ಕಛೇರಿಯಲ್ಲಿ ಹಾಡು ಶುರುವಾಗುವ ಮುನ್ನ ತಂಬೂರಿಯ ಶ್ರುತಿ ಹರಡಿಕೊಳ್ಳುವ ಆ ಎರಡು ನಿಮಿಷವೇ ನಮ್ಮ ಪಾಲಿನ ನಾದಸ್ನಾನ ಎಂದರೂ ತಪ್ಪಿಲ್ಲ.

ಮೈಸೂರಿನಿಂದ ಮಡಿಕೇರಿಗೆ ಹೋಗುವಾಗ ಬೈಲಕುಪ್ಪೆಯಲ್ಲಿ ಇಳಿದು ಟಿಬೆಟನ್ನರ ಸ್ವರ್ಣ ದೇವಾಲಯ ನೋಡಿದವರು ನಮ್ಮಲ್ಲಿ ಅನೇಕರು. 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಮಠ ಅದು. ಪೂಜೆಯ ವೇಳೆ ಅಲ್ಲಿ ಮೊಳಗುವ ಉದ್ದನೆಯ ಕಹಳೆ, ತಾಳ, ನಗಾರಿಗಳ ಸದ್ದು ಎದೆಗೆ ತಟ್ಟುತ್ತದೆ. ಆದರೆ ಈಗಿನ ನಾದಸ್ನಾನ ಟಿಬೆಟ್‌ನ ಮಠಗಳಿಂದ ಹಾಗೆಯೇ ಇಳಿದು ಬಂದದ್ದಲ್ಲ. ಹಿಮಾಲಯದ ತಪ್ಪಲಿನ ಬಟ್ಟಲುಗಳನ್ನು ಪಾಶ್ಚಾತ್ಯ ಸಂಗೀತಗಾರರು 1970ರ ದಶಕದಲ್ಲಿ ಧ್ವನಿಮುದ್ರಿಸಿ ಜನಪ್ರಿಯಗೊಳಿಸಿದ ನಂತರ ಬೆಳೆದ ಪದ್ಧತಿ ಇದು. "ಸಾವಿರಾರು ವರ್ಷಗಳ ರಹಸ್ಯ ವಿದ್ಯೆ" ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ.

ಬಟ್ಟಲು ಹಾಡುವುದು ಹೇಗೆ?

ಏಳು ಲೋಹಗಳ ಬಟ್ಟಲು ಎಂದು ಮಾರುವವರು ಹೇಳುತ್ತಾರೆ. ಪರೀಕ್ಷಿಸಿದಾಗ ಕಂಡುಬಂದಿರುವುದು ಬಹುಪಾಲು ತಾಮ್ರ ಮತ್ತು ತವರ, ಸುಮಾರು ನಾಲ್ಕಕ್ಕೆ ಒಂದರಂತೆ. ಅಂದರೆ ನಮ್ಮ ಅಜ್ಜಿಯರ ಕಾಲದ ಕಂಚು!

ಬಟ್ಟಲಿನ ಅಂಚಿಗೆ ಮೆತ್ತನೆಯ ಕೋಲಿನಿಂದ ತಟ್ಟಿದಾಗ ದುಂಡಗಿನ ಅಂಚು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಮೊಟ್ಟೆಯಾಕಾರ ತಾಳುತ್ತದೆ. ಮರುಕ್ಷಣ ಅಡ್ಡಲಾಗಿ ಮೊಟ್ಟೆಯಾಕಾರವಾಗುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಓಲಾಟವೇ ನಮಗೆ ಕೇಳುವ ಸ್ವರ. ಕೈಯಿಂದ ಬಡಿದು ಮಾಡಿದ ಬಟ್ಟಲು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲವಾದ್ದರಿಂದ ಒಂದರ ಬದಲು ಎರಡು ಹತ್ತಿರದ ಸ್ವರಗಳು ಹುಟ್ಟುತ್ತವೆ. ಒಂದು 200, ಇನ್ನೊಂದು 203 ಹರ್ಟ್ಜ್ ಆದರೆ ನಾದವು ಸೆಕೆಂಡಿಗೆ ಮೂರು ಬಾರಿ ಏರಿ ಇಳಿಯುತ್ತದೆ. ತಂಬೂರಿಯ ನಡುವಿನ ಎರಡು ತಂತಿಗಳನ್ನು ಕೂಡಿಸುವಾಗ ವಂವ್ ವಂವ್ ಎಂದು ಕೇಳುವುದಲ್ಲ, ಅದೇ ಇದು. ತಂಬೂರಿಯಲ್ಲಿ ನಾವು ಅದನ್ನು ಹೋಗಲಾಡಿಸುತ್ತೇವೆ. ಬಟ್ಟಲಿನಲ್ಲಿ ಅದನ್ನೇ ಆಸ್ವಾದಿಸುತ್ತೇವೆ. ಕೋಲನ್ನು ಅಂಚಿನ ಸುತ್ತ ಉಜ್ಜಿದರೆ ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ನುಡಿಸುವಂತೆ ಸ್ವರ ನಿಲ್ಲದೆ ಬರುತ್ತದೆ.

ಬಿಳಿಯ ಸ್ಫಟಿಕದ ಬಟ್ಟಲುಗಳ ಕಥೆ ನಮ್ಮ ವೃತ್ತಿಗೆ ಇನ್ನೂ ಹತ್ತಿರ. ಚಿಪ್ ತಯಾರಿಕೆಗೆ ಬೇಕಾದ ಸಿಲಿಕಾನ್ ಹರಳನ್ನು ಬೆಳೆಸಲು ಸಿಲಿಕಾನನ್ನು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಕರಗಿಸುತ್ತಾರೆ. ಅದನ್ನು ಹಿಡಿದಿಡುವ ಕ್ವಾರ್ಟ್ಜ್ ಮೂಸೆಯೇ ಈ ಬಟ್ಟಲಿನ ಪೂರ್ವಜ. ನಮಗೆ ಅನ್ನ ಕೊಡುವ ಕಂಪ್ಯೂಟರೂ ನಮ್ಮನ್ನು ಮಲಗಿಸುವ ಬಟ್ಟಲೂ ಒಂದೇ ಕಾರ್ಖಾನೆಯ ಬಂಧುಗಳೆನ್ನಬಹುದು!

ಇದು ಔಷಧಿಯೇ?

ಅಲ್ಲ. ಇಲ್ಲಿ ಸ್ಪಷ್ಟವಾಗಿರುವುದು ಒಳ್ಳೆಯದು. 2017ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದರಲ್ಲಿ 62 ಮಂದಿ ಬಟ್ಟಲುಗಳ ನಾದ ಕೇಳಿದ ನಂತರ ಅವರ ಉದ್ವೇಗ, ಸಿಟ್ಟು, ಆಯಾಸ ಕಡಿಮೆಯಾದದ್ದು ಕಂಡುಬಂತು. ಸಂತೋಷದ ವಿಷಯವೇ. ಆದರೆ ಬಟ್ಟಲಿಲ್ಲದೆ ಅಷ್ಟೇ ಹೊತ್ತು ಸುಮ್ಮನೆ ಮಲಗಿದ ಇನ್ನೊಂದು ಗುಂಪಿನೊಡನೆ ಅದನ್ನು ಹೋಲಿಸಿರಲಿಲ್ಲ. ಹಾಗಾಗಿ ಫಲ ಬಟ್ಟಲಿನದೋ ವಿಶ್ರಾಂತಿಯದೋ ಎಂದು ಅದರಿಂದ ಹೇಳಲಾಗದು.

432 ಹರ್ಟ್ಜ್ ಮಾತ್ರ ಶ್ರೇಷ್ಠ, ಒಂದೊಂದು ಚಕ್ರಕ್ಕೆ ಒಂದೊಂದು ಸ್ವರ ಎಂಬ ಮಾತುಗಳಿಗೂ ಭೌತಶಾಸ್ತ್ರದಲ್ಲಿ ಆಧಾರವಿಲ್ಲ. ನಮ್ಮ ಸಂಗೀತದಲ್ಲಿ ಹಾಡುವವರ ಕಂಠಕ್ಕೆ ಹೊಂದುವ ಶ್ರುತಿಯೇ ಸರಿಯಾದ ಶ್ರುತಿ! ನುಡಿಸಲು ಬರುವವರು ರಕ್ತದೊತ್ತಡ, ಸಕ್ಕರೆ ಕಾಯಿಲೆ ವಾಸಿಮಾಡುತ್ತೇವೆಂದರೆ ವಿನಯದಿಂದ ಬೇರೆಯವರನ್ನು ಹುಡುಕಿಕೊಳ್ಳಿ. ಊರಿನಿಂದ ಬಂದ ಹಿರಿಯರು ಇಂಥ ಮಾತು ನಂಬಿ ಮಾತ್ರೆ ಬಿಟ್ಟರೆ ಆಗುವ ಅನಾಹುತ ಸಣ್ಣದಲ್ಲ.

ಮನೆಯ ಸಿದ್ಧತೆ

ನಾಲ್ಕು ಕೋಣೆಯ ಎಚ್‌ಡಿಬಿ ಮನೆ ಒಟ್ಟು ಸುಮಾರು 90 ಚದರ ಮೀಟರ್. ಮಲಗುವ ಒಬ್ಬರಿಗೆ ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಬೇಕು. ಸೋಫಾ, ಟೀಪಾಯಿ ಸರಿಸಿದರೂ ಹಾಲಿನಲ್ಲಿ ಏಳೆಂಟು ಮಂದಿ ಮಲಗಬಹುದು, ಉಳಿದವರಿಗೆ ಕುರ್ಚಿ. ಮಂಡಿನೋವಿನ ಹಿರಿಯರಿಗೆ ನೆಲಕ್ಕಿಂತ ಕುರ್ಚಿಯೇ ಹಿತ. ಅತಿಥಿಗಳು ಹದಿನೈದು ದಾಟಿದರೆ ಕಾಂಡೋದವರು ಫಂಕ್ಷನ್ ರೂಮ್, ಉಳಿದವರು ಹತ್ತಿರದ ಕಮ್ಯುನಿಟಿ ಕ್ಲಬ್ಬಿನ ಕೊಠಡಿ ವಿಚಾರಿಸುವುದು ಲೇಸು. ವಾಯ್ಡ್ ಡೆಕ್ ಇದಕ್ಕೆ ಆಗದು. ಲೇಕ್‌ಸೈಡ್, ಬೂನ್ ಲೇ, ಪಯೊನಿಯರ್ ಭಾಗದಲ್ಲಿ ಎಂಆರ್‌ಟಿ ನೆಲದ ಮೇಲೆಯೇ ಓಡುತ್ತದೆ!

ಟೈಲ್ಸ್ ನೆಲ, ಬರಿ ಗೋಡೆ ಇದ್ದರೆ ಸದ್ದು ಪುಟಿದು ಕರ್ಕಶವಾಗುತ್ತದೆ. ಜಮಖಾನೆ ಹಾಸಿ, ಪರದೆ ಎಳೆದು, ಮೂಲೆಯಲ್ಲಿ ದಿಂಬುಗಳನ್ನಿಟ್ಟರೆ ನಾದ ಮೆತ್ತಗಾಗುತ್ತದೆ. ಸಾಮಾನು ಬಾರದ ಹೊಸಮನೆಯ ಗೃಹಪ್ರವೇಶದಲ್ಲಂತೂ ಇದು ಅವಶ್ಯ. ಅಲುಗಾಡದೆ ಮಲಗಿದವರಿಗೆ ಬೇಗ ಚಳಿಯಾಗುತ್ತದೆ. ಏಸಿಯನ್ನು 25 ಡಿಗ್ರಿಗಿಂತ ಇಳಿಸದೆ ಒಂದೊಂದು ಶಾಲು ಕೊಡಿ.

ಕಾರ್ಯಕ್ರಮದ ಕ್ರಮ ಹೀಗಿರಬಹುದು:

1. ಅತಿಥಿಗಳಿಗೆ ಪಾನಕ ಅಥವಾ ಅರ್ಧ ಲೋಟ ಕಾಫಿ. ಊಟ ಬೇಡ. ಹೋಳಿಗೆ ಊಟದ ಮೇಲೆ ಮಲಗಿದರೆ ಬಟ್ಟಲಿಗಿಂತ ಗೊರಕೆಯೇ ಜೋರು!
2. ಹತ್ತು ನಿಮಿಷ ವಿವರಣೆ. ಬೇಡವೆನಿಸಿದರೆ ಎದ್ದು ಪಕ್ಕದ ಕೋಣೆಗೆ ಹೋಗಬಹುದೆಂದು ಮೊದಲೇ ತಿಳಿಸುವುದು. ಮೊಬೈಲುಗಳು ಬಂದ್.
3. ಮೂವತ್ತರಿಂದ ನಲವತ್ತೈದು ನಿಮಿಷ ನಾದ.
4. ಐದು ನಿಮಿಷ ಪೂರ್ಣ ಮೌನ. ಇದನ್ನು ಕತ್ತರಿಸಬೇಡಿ, ನಾದ ನಿಂತದ್ದು ಕಿವಿಗೆ ತಿಳಿಯುವುದೇ ಇಲ್ಲಿ.
5. ನಂತರ ಆರತಿಯೋ ಕೇಕೋ, ಆಮೇಲೆ ಊಟ, ಹರಟೆ.

ನುಡಿಸುವವರನ್ನು ಕರೆಸುವುದಾದರೆ ಯಾವ ವಾದ್ಯ, ಎಷ್ಟು ಹೊತ್ತು, ಸಾಗಾಟದ ಖರ್ಚು ಸೇರಿದೆಯೇ ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ದೊಡ್ಡ ಜಾಗಟೆ ಲಿಫ್ಟಿನಲ್ಲಿ ಹಿಡಿಸುವುದೇ ಎಂಬುದೂ ಪ್ರಶ್ನೆಯೇ! ಸ್ವತಃ ಮಾಡುವವರಿಗೆ ಎರಡು ಬಟ್ಟಲು, ಒಂದು ಎಲೆಕ್ಟ್ರಾನಿಕ್ ತಂಬೂರಿ ಸಾಕು. ಒಂದು ಪೆಟ್ಟಿನ ನಾದ ಪೂರ್ತಿ ಅಡಗುವವರೆಗೆ ಇನ್ನೊಂದು ಪೆಟ್ಟು ಕೊಡದಿರುವುದೇ ಇದರ ಮುಖ್ಯ ಪಾಠ.

ಯಾರ ಬಗ್ಗೆ ಎಚ್ಚರ ಬೇಕು?

ಮೂರ್ಛೆರೋಗ ಇರುವವರು, ಕಿವಿಯಲ್ಲಿ ಸದಾ ಮೊರೆತ ಕೇಳುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಸೀಮಂತಕ್ಕೆ ನಾದಸ್ನಾನ ಇಡುವ ಯೋಚನೆಯಿದ್ದರೆ ಹಾಡು-ಹಸೆಯೇ ಸಾಕು ಎನ್ನುವುದು ನನ್ನ ಅಭಿಪ್ರಾಯ. ಪೇಸ್‌ಮೇಕರ್ ಇರುವವರ ಎದೆಯ ಮೇಲೆ ಬಟ್ಟಲಿಡುವುದು ಬೇಡ. ಹಸುಗೂಸುಗಳು ಬೇರೆ ಕೋಣೆಯಲ್ಲಿರಲಿ.

ಸದ್ದಿನ ಮಟ್ಟಕ್ಕೂ ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯಾಶ್ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದೇ ನಿಮಿಷ. ಸಣ್ಣ ಹಾಲಿನಲ್ಲಿ ದೊಡ್ಡ ಜಾಗಟೆಯನ್ನು ತಲೆಯ ಬಳಿ ಬಾರಿಸಿದರೆ ಈ ಮಿತಿ ಮೀರುವುದು ಕಷ್ಟವಲ್ಲ. ಫೋನಿನ ಅಳತೆಯ ಆ್ಯಪ್ ಒಂದನ್ನು ಮಲಗುವವರ ತಲೆಯ ಜಾಗದಲ್ಲಿಟ್ಟು ಮುಂಚೆಯೇ ನೋಡಿಕೊಳ್ಳಿ. 75 ದಾಟದಂತೆ ನುಡಿಸಿದರೂ ಆನಂದಕ್ಕೇನೂ ಕೊರತೆಯಾಗದು.

ಕಿವಿ ಕೇಳದವರಿಗೂ ಪಾಲು

ನಾದಸ್ನಾನ ನನಗೆ ಮೆಚ್ಚುಗೆಯಾದ ಕಾರಣ ಬೇರೆಯೇ ಇದೆ. ನಮ್ಮ ತಾಯಿಯವರು ಊರಿನಿಂದ ಬಂದು ಕೆಲವು ವಾರ ನಮ್ಮೊಡನಿರುತ್ತಾರೆ. ಎರಡು ಕಿವಿಗೂ ಮಿಷನ್. ನಮ್ಮ ಪಾರ್ಟಿಗಳಲ್ಲಿ ಇಪ್ಪತ್ತು ಜನ ಒಟ್ಟಿಗೆ ಮಾತನಾಡುವಾಗ ಆ ಮಿಷನ್ ಎಲ್ಲ ದನಿಗಳನ್ನೂ ಸೇರಿಸಿ ದೊಡ್ಡದು ಮಾಡುತ್ತದೆಯೇ ಹೊರತು ಎದುರಿಗಿರುವವರ ಮಾತನ್ನು ಸರಿಯಾಗಿ ಬೇರ್ಪಡಿಸಿ ಕೊಡದು. ಅಮ್ಮ ಮೂಲೆಯ ಕುರ್ಚಿಯಲ್ಲಿ ಕೂತು ಎಲ್ಲದಕ್ಕೂ ನಕ್ಕು ತಲೆಯಾಡಿಸುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಹೀಗೆ ನಗುತ್ತಾ ಕೂತ ಅಪ್ಪ ಅಮ್ಮಂದಿರಿಲ್ಲ!

ಅವರ 75ನೇ ಹುಟ್ಟುಹಬ್ಬಕ್ಕೆ ಹದಿನಾಲ್ಕು ಮಂದಿ ಸೇರಿ ನಾದಸ್ನಾನ ಇಟ್ಟುಕೊಂಡೆವು. ಶ್ರವಣ ಯಂತ್ರಗಳು ಬಟ್ಟಲಿನ ದೀರ್ಘ ಸ್ವರವನ್ನು ತಮ್ಮದೇ ಸಿಳ್ಳೆಯೆಂದು ತಪ್ಪಾಗಿ ತಿಳಿದು ಅದನ್ನು ಅಳಿಸಲು ಹೋಗಿ ನಡುಗಿಸಿಬಿಡುತ್ತವೆ. ಆದ್ದರಿಂದ ಸಂಗೀತದ ಸೆಟ್ಟಿಂಗ್ ಇದ್ದರೆ ಅದಕ್ಕೆ ಬದಲಿಸಬೇಕು, ಇಲ್ಲವೇ ತೆಗೆದಿಡಬೇಕು. ಅಮ್ಮ ತೆಗೆದೇ ಇಟ್ಟರು. ದೊಡ್ಡ ಬಟ್ಟಲನ್ನು ಅವರ ಅಂಗೈ ಮೇಲಿಟ್ಟು ಮೆಲ್ಲಗೆ ತಟ್ಟಿದಾಗ ಕಂಪನ ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು. "ಕೈಗೇ ಕೇಳಿಸ್ತಿದೆಯಲ್ಲೋ!" ಎಂದರು. ಆ ನಲವತ್ತು ನಿಮಿಷ ಮನೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲವಾದ್ದರಿಂದ ಮಾತು ತಪ್ಪಿಸಿಕೊಂಡವರೂ ಯಾರೂ ಇರಲಿಲ್ಲ. ಇದು ಚಿಕಿತ್ಸೆಯಲ್ಲ, ಒಂದೇ ಪಂಕ್ತಿಯಲ್ಲಿ ಎಲ್ಲರನ್ನೂ ಕೂರಿಸಿದಂತೆ.

ನೆರೆಹೊರೆಯವರ ಮಾತು

ಕೆಳಸ್ವರಗಳು ಗೋಡೆಯನ್ನೂ ಚಪ್ಪಡಿಯನ್ನೂ ಸುಲಭವಾಗಿ ದಾಟುತ್ತವೆ. ಜಾಗಟೆಯ ಸ್ಟ್ಯಾಂಡಿನ ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿ. ಮೇಲಿನ, ಕೆಳಗಿನ, ಅಕ್ಕಪಕ್ಕದ ಮನೆಗಳಿಗೆ ಎರಡು ದಿನ ಮುಂಚೆ ಹೋಗಿ ತಿಳಿಸಿ ಬನ್ನಿ. ಸಂಜೆ ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಸೂರ್ಯಾಸ್ತದ ನಮಾಜಿಗೂ ಮಕ್ಕಳ ನಿದ್ದೆಗೂ ಅಡ್ಡಿಯಾಗದು. ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಯಾರದಾದರೂ ಸಾವಿನ ಮನೆಯ ಶಾಮಿಯಾನ ಎದ್ದಿದ್ದರೆ ಮುಂದೂಡುವುದೇ ಮರ್ಯಾದೆ.

ತಿಳಿಸಲು ಹೋದವರು ಕರೆದೇ ಬಿಡುವುದು ಇನ್ನೂ ಚೆನ್ನ. ಚೀನೀ ನೆರೆಯ ಅಜ್ಜಿಗೆ ಬೌದ್ಧ ದೇವಾಲಯದ ದೊಡ್ಡ ಕಂಚಿನ ಬಟ್ಟಲು ನೆನಪಾದೀತು. ಮಲಯ ನೆರೆಯವರಿಗೆ ಜಾಗಟೆ ಹೊಸದೇ ಅಲ್ಲ. ಗಾಂಗ್ ಎಂಬ ಇಂಗ್ಲಿಷ್ ಪದವೇ ಮಲಯ, ಜಾವಾ ಭಾಷೆಗಳಿಂದ ಹೋದದ್ದು. ನಮಗೆ ಮಂಗಳಾರತಿ. ಭಾಷೆ ಬಾರದ ನಮ್ಮ ಅಪ್ಪ ಅಮ್ಮಂದಿರು ಲಿಫ್ಟಿನಲ್ಲಿ ಬರೀ ನಕ್ಕು ಸುಮ್ಮನಾಗುವ ನೆರೆಯವರೊಡನೆ ಒಂದು ಗಂಟೆ ಜೊತೆಯಾಗಿರಲು ಇದಕ್ಕಿಂತ ಸುಲಭದ ದಾರಿ ನನಗೆ ತೋರಿಲ್ಲ.

ಮುಂದಿನ ಸಲ ಮನೆಯಲ್ಲಿ ಸಮಾರಂಭ ಬಂದಾಗ ಒಂದೇ ಒಂದು ಬಟ್ಟಲಿನಿಂದ, ಹದಿನೈದು ನಿಮಿಷದಿಂದ ಶುರುಮಾಡಿ ನೋಡಿ. ಹಿಡಿಸಿದರೆ ಮುಂದುವರಿಸಿ, ಹಿಡಿಸದಿದ್ದರೂ ನಷ್ಟವೇನಿಲ್ಲ, ಅಡುಗೆಮನೆಯಲ್ಲಿ ನಮ್ಮ ಬಿಸಿಬೇಳೆಬಾತ್ ಹೇಗೂ ಕಾದಿರುತ್ತದೆ!