ಸೊನ್ನೆಯ ತಿಂಗಳು

ಭಾರತಕ್ಕೆ ಸ್ವಾತಂತ್ರ್ಯ ಬಂದ ದಿನ ಯಾವುದೆಂದು ಕೇಳಿದರೆ ಚಿಕ್ಕ ಮಕ್ಕಳೂ ತಡವರಿಸದೆ ಉತ್ತರ ಕೊಡುತ್ತಾರೆ. ಆದರೆ ಅದೇ ದಿನವನ್ನು ೧೯೯೬ರಲ್ಲಿ ಹೊರಬಂದ ಜಾವಾ ಎಂಬ ಗಣಕಭಾಷೆಗೆ ತಿಳಿಸಬೇಕಾದರೆ ೪೭, ೭, ೧೫ ಎಂದು ಬರೆಯಬೇಕಾಗಿತ್ತು. ೪೭ ಎಂದರೆ ೧೯೦೦ರಿಂದ ಈಚೆಗೆ ಕಳೆದ ವರ್ಷಗಳ ಸಂಖ್ಯೆ. ೧೫ ಎಂಬುದು ತಾರೀಖು, ಅದರಲ್ಲಿ ತೊಡಕಿಲ್ಲ. ನಡುವಣ ೭ ಮಾತ್ರ ನಾವು ತಿಳಿದಂತೆ ಜುಲೈ ಅಲ್ಲ, ಆಗಸ್ಟ್. ಏಕೆಂದರೆ ಅಲ್ಲಿ ಜನವರಿಯು ಸೊನ್ನೆಯ ತಿಂಗಳು, ಡಿಸೆಂಬರು ಹನ್ನೊಂದನೆಯದು. ಈ ವಿಚಿತ್ರವನ್ನು ಅರಿಯದ ವಿದ್ಯಾರ್ಥಿಯೊಬ್ಬನು ೧೯೪೭, ೮, ೧೫ ಎಂದು ಬರೆದನೆನ್ನಿ. ಯಂತ್ರವು ತಪ್ಪೆಂದು ತಡೆಯುತ್ತಿರಲಿಲ್ಲ; ಕ್ರಿ.ಶ. ೩೮೪೭ನೆಯ ವರ್ಷದ ಸೆಪ್ಟೆಂಬರ್ ೧೫ ಎಂದು ಗ್ರಹಿಸಿ ಮುಂದಿನ ಕೆಲಸಕ್ಕೆ ತೊಡಗುತ್ತಿತ್ತು. ಜನವರಿ ೩೨ ಎಂದರೂ ಅದು ಮುನಿಯದು, ಫೆಬ್ರವರಿ ೧ ಎಂದು ತಾನೇ ಅರ್ಥಮಾಡಿಕೊಳ್ಳುತ್ತದೆ. ಇಂಥ ಸೌಜನ್ಯಕ್ಕಿಂತ ಒರಟುತನವೇ ಲೇಸು.

ಈ ಎಣಿಕೆ ಜಾವಾದ ಸ್ವಂತ ಕಲ್ಪನೆಯಲ್ಲ. ಅದಕ್ಕೆ ಹಿಂದಿನ ಸಿ ಭಾಷೆಯಲ್ಲಿ ಇದೇ ಪದ್ಧತಿಯಿತ್ತು. ಆ ಭಾಷೆಯಲ್ಲಿ ಯಾವ ಪಟ್ಟಿಯನ್ನು ಮಾಡಿದರೂ ಅದರ ಮೊದಲನೆಯ ಸ್ಥಾನಕ್ಕೆ ಸೊನ್ನೆಯೆಂದೇ ಹೆಸರು. ತಿಂಗಳುಗಳ ಪಟ್ಟಿಯಲ್ಲಿ ಜನವರಿಯು ಸೊನ್ನೆಯಾದರೆ ಹೆಸರನ್ನು ಹುಡುಕುವುದು ಸುಲಭ. ಜಾವಾವನ್ನು ಹೊರತಂದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯವರು ಅದನ್ನು ಹಾಗೆಯೇ ತಮ್ಮ ‘ಡೇಟ್’ ಎಂಬ ಘಟಕದೊಳಕ್ಕೆ ತಂದುಕೊಂಡರು. ಒಂದೇ ವರ್ಷದಲ್ಲಿ ಅದರ ಅನನುಕೂಲಗಳು ಅವರಿಗೆ ತಿಳಿದುಬಂದವು. ೧೯೯೭ರಲ್ಲಿ ‘ಕ್ಯಾಲೆಂಡರ್’ ಎಂಬ ಹೊಸ ಘಟಕ ಬಂತು. ವರ್ಷವನ್ನು ಪೂರ್ತಿಯಾಗಿ ಬರೆಯುವಂತಾಯಿತು. ತಿಂಗಳು ಮಾತ್ರ ಪುನಃ ಸೊನ್ನೆಯಿಂದಲೇ ಮೊದಲಾಯಿತು! ಹಳೆಯ ಡೇಟ್‌ನ ಅನೇಕ ಕಾರ್ಯಗಳ ಮೇಲೆ ‘ಇದನ್ನು ಇನ್ನು ಬಳಸುವುದು ಯುಕ್ತವಲ್ಲ’ ಎಂಬ ಅರ್ಥದ ಮುದ್ರೆಯನ್ನು ಒತ್ತಿದರು. ಒತ್ತಿದರೇ ಹೊರತು ಅವನ್ನು ತೆಗೆದುಹಾಕಲಿಲ್ಲ. ಇಂದಿನ ಜಾವಾದಲ್ಲಿಯೂ ಅವು ಅದೇ ಮುದ್ರೆಯನ್ನು ಹೊತ್ತು ಅಲ್ಲಿಯೇ ಕುಳಿತಿವೆ.

ತಪ್ಪೆಂದು ಒಪ್ಪಿದ ವಸ್ತುವನ್ನು ಇಷ್ಟು ಕಾಲ ಇಟ್ಟುಕೊಂಡಿರುವುದೇಕೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಲೈಬ್ರರಿಯೆಂದರೇನೆಂಬುದನ್ನು ಸ್ವಲ್ಪ ನೋಡಬೇಕು.

ಗಣಕಕ್ಕೆ ಕ್ರಮವಿಧಿಯನ್ನು ಬರೆಯುವವರು ಎಲ್ಲವನ್ನೂ ಮೊದಲಿನಿಂದ ತಾವೇ ಬರೆಯುವುದಿಲ್ಲ. ಬಡಗಿಯು ಮೊಳೆಯನ್ನು ತಾನೇ ಕಾಯಿಸಿ ಬಡಿದುಕೊಳ್ಳುತ್ತಾನೆಯೆ? ಅಂಗಡಿಯಿಂದ ತರುತ್ತಾನೆ. ಹಾಗೆಯೇ ತಾರೀಖಿನ ಲೆಕ್ಕ, ಪದಗಳ ಜೋಡಣೆ, ದಿನಚರಿಯ ದಾಖಲೆ ಮೊದಲಾದ ಎಲ್ಲರಿಗೂ ಬೇಕಾದ ಕೆಲಸಗಳನ್ನು ಯಾರಾದರೂ ಒಮ್ಮೆ ಬರೆದು ಕಟ್ಟುಕಟ್ಟಿ ಇಟ್ಟಿರುತ್ತಾರೆ. ಇಂಥ ಕಟ್ಟಿಗೆ ಲೈಬ್ರರಿಯೆಂದು ಹೆಸರು. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಕರ್ತೃವು ಅನುಮತಿ ಕೊಟ್ಟಿದ್ದರೆ ಅದು ಮುಕ್ತ ಆಕರದ ಲೈಬ್ರರಿ. ಜಾವಾದಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. ಬ್ಯಾಂಕು, ಆಸ್ಪತ್ರೆ, ವಿಮಾನ ಕಚೇರಿ ಇವುಗಳ ಗಣಕಗಳೊಳಗೆ ಅವು ಕೆಲಸ ಮಾಡುತ್ತಿರುತ್ತವೆ. ಬರೆದವನಿಗೆ ತನ್ನ ಲೈಬ್ರರಿ ಎಲ್ಲೆಲ್ಲಿದೆಯೆಂಬುದು ತಿಳಿಯುವ ದಾರಿಯೇ ಇಲ್ಲ.

ಜಾವಾದಲ್ಲಿ ಬರೆದ ಕ್ರಮವಿಧಿಯನ್ನು ಮೊದಲು ಯಂತ್ರಕ್ಕೆ ಹತ್ತಿರವಾದ ಒಂದು ರೂಪಕ್ಕೆ ಪರಿವರ್ತಿಸುತ್ತಾರೆ. ಆಗ ಅದರೊಳಗೆ, ‘ಇಂಥ ಹೆಸರಿನ ಘಟಕದಲ್ಲಿ ಇಂಥ ಹೆಸರಿನ ಕಾರ್ಯವಿದೆ, ಅದಕ್ಕೆ ಈ ಬಗೆಯ ಮೌಲ್ಯಗಳನ್ನು ಕೊಟ್ಟರೆ ಈ ಬಗೆಯ ಮೌಲ್ಯ ಹಿಂತಿರುಗುತ್ತದೆ’ ಎಂಬ ಕರಾರು ದಾಖಲಾಗುತ್ತದೆ. ಲೈಬ್ರರಿಯ ಕರ್ತೃವು ಮುಂದೆ ಆ ಹೆಸರನ್ನು ಬದಲಾಯಿಸಿದರೆ, ಅಥವಾ ೩೨ ಬಿಟ್ಟುಗಳ ಸಂಖ್ಯೆಯ ಬದಲು ೬೪ ಬಿಟ್ಟುಗಳ ಸಂಖ್ಯೆಯನ್ನು ಹಿಂತಿರುಗಿಸಿದರೆ, ಮೊದಲೇ ಪರಿವರ್ತಿತವಾಗಿದ್ದ ಕ್ರಮವಿಧಿಯು ಆ ಕಾರ್ಯವನ್ನು ಕಾಣದೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಇದಾದರೂ ವಾಸಿ, ನಿಂತದ್ದು ಕಣ್ಣಿಗೆ ಕಾಣುತ್ತದೆ. ಹೆಸರನ್ನು ಹಾಗೆಯೇ ಉಳಿಸಿ ಅರ್ಥವನ್ನು ಬದಲಾಯಿಸಿದರೆ ಅನರ್ಥ ಇನ್ನೂ ದೊಡ್ಡದು. ಡೇಟ್‌ನ ತಿಂಗಳನ್ನು ನಾಳೆಯಿಂದ ಒಂದರಿಂದ ಎಣಿಸತಕ್ಕದ್ದೆಂದು ಯಾರಾದರೂ ಸದುದ್ದೇಶದಿಂದ ತಿದ್ದಿದರೆಂದು ಭಾವಿಸೋಣ. ಹಳೆಯ ಕ್ರಮವಿಧಿಗಳಲ್ಲಿ ೭ ಎಂದು ಬರೆದಿದ್ದ ಆಗಸ್ಟ್ ತಿಂಗಳುಗಳೆಲ್ಲ ಸದ್ದಿಲ್ಲದೆ ಜುಲೈ ಆಗುತ್ತವೆ. ಸಾಲದ ಕಂತು, ವಿಮೆಯ ಗಡುವು, ಮೊಕದ್ದಮೆಯ ದಿನ ಎಲ್ಲವೂ ಒಂದು ತಿಂಗಳು ಹಿಂದಕ್ಕೆ ಸರಿಯುತ್ತವೆ.

ಕಾರ್ಯವನ್ನು ತೆಗೆದುಹಾಕಿ, ಬೇಡದವರು ಹಳೆಯ ಆವೃತ್ತಿಯನ್ನೇ ಇಟ್ಟುಕೊಳ್ಳಲಿ ಎಂದರೆ ಆಗದೆ? ಇಲ್ಲಿಯೇ ಲೈಬ್ರರಿಯನ್ನು ಕಾಯುವವರಿಗೆ ನಿದ್ದೆಗೆಡಿಸುವ ಸಮಸ್ಯೆ ಬರುವುದು. ನಿಮ್ಮ ಕ್ರಮವಿಧಿಗೆ ಎರಡು ಲೈಬ್ರರಿಗಳು ಬೇಕು. ಒಂದು ಬಡ್ಡಿಯನ್ನು ಲೆಕ್ಕಹಾಕುವುದು, ಇನ್ನೊಂದು ಪತ್ರವನ್ನು ಅಚ್ಚುಮಾಡುವುದು. ಅವೆರಡೂ ನೀವು ಹೆಸರನ್ನೂ ಕೇಳದ ಮೂರನೆಯ ಒಂದು ಲೈಬ್ರರಿಯನ್ನು ಆಶ್ರಯಿಸಿವೆ. ಬಡ್ಡಿಯವನಿಗೆ ಅದರ ಹಳೆಯ ಆವೃತ್ತಿ ಬೇಕು, ಪತ್ರದವನಿಗೆ ಹೊಸದು ಬೇಕು. ಜಾವಾದ ಸಾಮಾನ್ಯ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ ಒಂದೇ ಘಟಕ ದೊರೆಯುತ್ತದೆ. ಯಾವುದನ್ನು ಆರಿಸಿದರೂ ಇಬ್ಬರಲ್ಲಿ ಒಬ್ಬನು ಕೆಡುತ್ತಾನೆ; ತಪ್ಪು ಮಾತ್ರ ನಿಮ್ಮದಲ್ಲ, ಅವರಿಬ್ಬರದೂ ಅಲ್ಲ. ಇದಕ್ಕೆ ಬಲ್ಲವರು ಕಂಡುಕೊಂಡ ಪರಿಹಾರ ಬಹಳ ಸರಳವಾದುದು: ದೊಡ್ಡ ಬದಲಾವಣೆ ಮಾಡುವುದಾದರೆ ಹೆಸರನ್ನೇ ಬದಲಾಯಿಸುವುದು. ಅಪಾಚೆ ಬಳಗದ ‘ಕಾಮನ್ಸ್ ಲ್ಯಾಂಗ್’ ಎಂಬ ಲೈಬ್ರರಿ ೨೦೧೧ರಲ್ಲಿ ಮೂರನೆಯ ಆವೃತ್ತಿಗೆ ಬಂದಾಗ ತನ್ನ ಮನೆಯ ಹೆಸರಿಗೇ ೩ ಎಂಬ ಅಂಕಿಯನ್ನು ಸೇರಿಸಿಕೊಂಡಿತು. ಹಳೆಯದೂ ಹೊಸದೂ ಒಂದೇ ಗಣಕದಲ್ಲಿ ನೆರೆಹೊರೆಯವರಂತೆ ಬಾಳುವುದು ಸಾಧ್ಯವಾಯಿತು.

ತಿಂಗಳ ಎಣಿಕೆಗಿಂತ ಆಳವಾದ ದೋಷವೊಂದು ಡೇಟ್‌ನಲ್ಲಿತ್ತು. ಅದು ಬದಲಾಯಿಸಲು ಬರುವ ವಸ್ತು. ಪರೀಕ್ಷೆಯ ದಿನವನ್ನು ನೆನಪಿಟ್ಟಿರುವ ಒಂದು ಘಟಕದಿಂದ ನೀವು ಆ ದಿನವನ್ನು ಕೇಳಿ ಪಡೆದಿರಿ; ನಿಮ್ಮ ಲೆಕ್ಕಕ್ಕಾಗಿ ಅದಕ್ಕೆ ಒಂದು ವಾರ ಕೂಡಿಸಿದಿರಿ. ನಿಮ್ಮ ಕೈಗೆ ಬಂದದ್ದು ಪ್ರತಿಯಲ್ಲ, ಮೂಲವಸ್ತುವೇ. ನೀವು ಕೂಡಿಸಿದ ವಾರ ಅಲ್ಲಿಯೂ ಕೂಡಿ, ಪರೀಕ್ಷೆಯೇ ಮುಂದಕ್ಕೆ ಹೋಯಿತು! ಇದನ್ನು ಜೋಶುವಾ ಬ್ಲಾಕ್ ಅವರು ೨೦೦೧ರಲ್ಲಿ ಪ್ರಕಟವಾದ ‘ಎಫೆಕ್ಟಿವ್ ಜಾವಾ’ ಎಂಬ ತಮ್ಮ ಗ್ರಂಥದಲ್ಲಿ ಎತ್ತಿ ತೋರಿಸಿದ್ದಾರೆ.

ಈ ಕೊರತೆಗಳನ್ನು ನೀಗಲು ಮುಂದಾದವರು ಸನ್ ಸಂಸ್ಥೆಗೆ ಸೇರದ ಒಬ್ಬ ಇಂಗ್ಲಿಷ್ ಪರಿಣತರು, ಸ್ಟೀಫನ್ ಕೋಲ್‌ಬೋರ್ನ್. ಅವರು ಕೆಲವು ಮಂದಿ ಸಹಾಯಕರೊಡನೆ ರಚಿಸಿದ ‘ಜೋಡಾ ಟೈಮ್’ ಎಂಬ ಲೈಬ್ರರಿಯ ಮೊದಲನೆಯ ಪೂರ್ಣ ಆವೃತ್ತಿ ೨೦೦೫ರಲ್ಲಿ ಉಚಿತವಾಗಿ ಎಲ್ಲರಿಗೂ ದೊರೆಯಿತು. ಅದರಲ್ಲಿ ಜನವರಿಗೆ ೧ ಎಂಬ ಅಂಕಿ ಮರಳಿ ಬಂತು. ಒಮ್ಮೆ ರಚಿಸಿದ ತಾರೀಖು ಬದಲಾಗುವಂತಿಲ್ಲ. ಒಂದು ವಾರ ಕೂಡಿಸಿದರೆ ಹೊಸದೊಂದು ತಾರೀಖು ಹುಟ್ಟುತ್ತದೆ, ಹಳೆಯದು ಹಾಗೆಯೇ ಇರುತ್ತದೆ. ಹುಟ್ಟಿದ ಹಬ್ಬದಂತೆ ಗಡಿಯಾರದ ಗೊಡವೆಯಿಲ್ಲದ ದಿನಕ್ಕೆ ಒಂದು ಘಟಕ, ಅಂಗಡಿ ತೆರೆಯುವ ಹೊತ್ತಿನಂತೆ ದಿನದ ಗೊಡವೆಯಿಲ್ಲದ ವೇಳೆಗೆ ಮತ್ತೊಂದು. ಜಾವಾವನ್ನು ಬಳಸುವವರು ಇದನ್ನು ಬಹುಬೇಗ ಮೆಚ್ಚಿಕೊಂಡರು. ೨೦೦೭ರಲ್ಲಿ ಇಂಥದೊಂದನ್ನು ಜಾವಾದ ಒಳಕ್ಕೇ ಸೇರಿಸುವ ಪ್ರಯತ್ನ ಮೊದಲಾಗಿ, ಕೋಲ್‌ಬೋರ್ನ್ ಅವರೂ ಬ್ರೆಜಿಲ್ ದೇಶದ ಮೈಕೇಲ್ ನಾಸಿಮೆಂಟೊ ಸಾಂಟೋಸ್ ಅವರೂ ಅದರ ಮುಂದಾಳುಗಳಾದರು. ಜಾವಾ ಒರೇಕಲ್ ಸಂಸ್ಥೆಯ ಕೈಸೇರಿದ ಬಳಿಕ ಆ ಸಂಸ್ಥೆಯ ರಾಜರ್ ರಿಗ್ಸ್ ಅವರೂ ಜೊತೆಗೂಡಿದರು.

ಜನಪ್ರಿಯವಾದ ಜೋಡಾ ಟೈಮನ್ನೇ ಎತ್ತಿ ಒಳಗಿಟ್ಟರೆ ಕೆಲಸ ಮುಗಿಯಿತೆಂದು ಹಲವರು ಎಣಿಸಿದ್ದರು. ಅದನ್ನು ಒಪ್ಪದಿದ್ದವರು ಜೋಡಾದ ಕರ್ತೃವೇ. ಈ ಘಟ್ಟವೇ ನನಗೆ ಇಡೀ ಕಥೆಯಲ್ಲಿ ಹೆಚ್ಚು ರುಚಿಸುವುದು. ತಮ್ಮ ಕೃತಿಯ ದೋಷಗಳನ್ನು ಅವರು ೨೦೦೯ರಲ್ಲಿ ಎಲ್ಲರ ಮುಂದೆ ಬಿಚ್ಚಿಟ್ಟರು. ಜೋಡಾದಲ್ಲಿ ಒಂದು ತಾರೀಖನ್ನು ಯಾವ ಪಂಚಾಂಗದಲ್ಲಾದರೂ ಇಡಬಹುದಾಗಿತ್ತು. ಕೇಳಲು ಇದು ಔದಾರ್ಯವೆಂದೇ ತೋರುತ್ತದೆ. ಆದರೆ ತಿಂಗಳು ೧ರಿಂದ ೧೨ರೊಳಗೆ ಇರುವುದೆಂದು ನಂಬಿ ಲೆಕ್ಕ ಬರೆದವನಿಗೆ ಯಾರೋ ಕಾಪ್ಟಿಕ್ ಪಂಚಾಂಗದ ತಾರೀಖನ್ನು ಕೊಟ್ಟರೆ ಗತಿಯೇನು? ಅಲ್ಲಿ ಹದಿಮೂರು ತಿಂಗಳುಗಳಿವೆ. ಥಾಯ್ ಬೌದ್ಧ ಪಂಚಾಂಗದ್ದಾದರೆ ವರ್ಷದಲ್ಲಿಯೇ ೫೪೩ರ ವ್ಯತ್ಯಾಸ. ಮತ್ತೊಂದು ದೋಷ ಇನ್ನೂ ಸೂಕ್ಷ್ಮ. ಕ್ಷಣದ ಸ್ಥಾನದಲ್ಲಿ ಏನನ್ನೂ ಕೊಡದೆ ಬರಿದನ್ನು ಕಳುಹಿಸಿದರೆ ಜೋಡಾ ಅದನ್ನು ‘ಈಗ’ ಎಂದು ತಿಳಿಯುತ್ತಿತ್ತು. ಮರೆತುಹೋದ ಮೌಲ್ಯವು ಇಂದಿನ ತಾರೀಖಾಗಿ ವೇಷ ತೊಟ್ಟು ಓಡಾಡುತ್ತಿತ್ತು. ಮೂರನೆಯದಾಗಿ, ಮನುಷ್ಯರು ಪಂಚಾಂಗದಲ್ಲಿ ನೋಡುವ ಕಾಲಕ್ಕೂ ಯಂತ್ರವು ಸೆಕೆಂಡುಗಳಲ್ಲಿ ಎಣಿಸುವ ಕಾಲಕ್ಕೂ ಇರಬೇಕಾದ ಗೆರೆ ಅಲ್ಲಿ ಸ್ಪಷ್ಟವಾಗಿರಲಿಲ್ಲ. ಇವನ್ನು ಜೋಡಾದಲ್ಲೇ ಏಕೆ ತಿದ್ದಬಾರದೆಂಬುದಕ್ಕೆ ಉತ್ತರ ಮೇಲೆ ಹೇಳಿದ್ದೇ: ಸಾವಿರಾರು ಕ್ರಮವಿಧಿಗಳು ಅದರ ಮೇಲೆ ಆಗಲೇ ನಿಂತಿದ್ದವು.

ಚರ್ಚೆ ಏಳು ವರ್ಷ ನಡೆಯಿತು. ಬಹುಭಾಗ ಹೆಸರುಗಳ ಚರ್ಚೆಯೆಂದರೆ ನಗು ಬಂದೀತು. ಆದರೆ ಒಮ್ಮೆ ಪ್ರಕಟವಾದ ಹೆಸರು ಶಾಶ್ವತವಾದುದರಿಂದ ಅಲ್ಲಿ ತೂಗಿ ನೋಡದೆ ವಿಧಿಯಿಲ್ಲ. ತಾರೀಖಿನ ತಿಂಗಳನ್ನು ಬೇರೆ ಮಾಡುವ ಕಾರ್ಯಕ್ಕೆ ವಾಡಿಕೆಯ ‘ಸೆಟ್’ ಎಂಬ ಹೆಸರಿಡಲಿಲ್ಲ. ಹಾಗೆ ಕರೆದರೆ ಹಳೆಯ ತಾರೀಖೇ ಬದಲಾಗುವುದೆಂಬ ಭ್ರಾಂತಿ ಹುಟ್ಟುತ್ತದೆ. ‘ವಿತ್’ ಎಂದಿಟ್ಟರು; ಇಂಥ ತಿಂಗಳಿನಿಂದ ಕೂಡಿದ ಹೊಸ ತಾರೀಖು ಎಂದು ಅದರ ಧ್ವನಿ. ೨೦೧೪ರ ಮಾರ್ಚ್‌ನಲ್ಲಿ ಜಾವಾದ ಎಂಟನೆಯ ಆವೃತ್ತಿಯೊಡನೆ ಹೊಸ ಲೈಬ್ರರಿ ಹೊರಬಂದಿತು. ಅದಕ್ಕೆ ಸಿಕ್ಕಿದ್ದು ಹೊಸ ಮನೆ, ಹೊಸ ಹೆಸರು. ಬೌದ್ಧ, ಜಪಾನೀ, ಹಿಜರಿ, ತೈವಾನಿನ ಮಿಂಗುವೋ ಪಂಚಾಂಗಗಳಿಗೆ ಬೇರೆ ಬೇರೆ ಘಟಕಗಳನ್ನು ಒದಗಿಸಿದ್ದಾರೆ. ನಮ್ಮ ರಾಷ್ಟ್ರೀಯ ಶಕ ಪಂಚಾಂಗ ಅವುಗಳಲ್ಲಿಲ್ಲ. ಬೇಕೆನ್ನುವವರು ಬರೆದು ಸೇರಿಸಿಕೊಳ್ಳಲು ಮಾತ್ರ ಎಡೆ ಬಿಟ್ಟಿದ್ದಾರೆ. ಕನ್ನಡದ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಹಾಕಬಹುದು.

ಹಳೆಯದನ್ನು ಉಳಿಸಿಕೊಳ್ಳುವ ಈ ನಿಷ್ಠೆಗೆ ಬೆಲೆ ತೆರಬೇಕಾದ ಸಂದರ್ಭಗಳೂ ಉಂಟು. ೨೦೨೧ರ ಡಿಸೆಂಬರಿನಲ್ಲಿ ‘ಲಾಗ್ ಫೋರ್ ಜೆ’ ಎಂಬ ಲೈಬ್ರರಿಯ ಹೆಸರು ಲೋಕದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅದರ ಕೆಲಸ ಅತ್ಯಂತ ಸಾಧಾರಣವಾದುದು. ಕ್ರಮವಿಧಿಯು ಮಾಡಿದ್ದನ್ನೆಲ್ಲ ದಿನಚರಿಯಂತೆ ಬರೆದಿಡುವುದು. ೨೦೧೩ರಲ್ಲಿ ಅದಕ್ಕೊಂದು ಸೌಲಭ್ಯ ಸೇರಿತ್ತು. ಬರೆಯಬೇಕಾದ ವಾಕ್ಯದೊಳಗೆ ಒಂದು ವಿಶೇಷ ಗುರುತಿದ್ದರೆ ಲೈಬ್ರರಿಯು ಅಲ್ಲಿ ಹೇಳಿದ ವಿಳಾಸಕ್ಕೆ ಹೋಗಿ ಬೇಕಾದುದನ್ನು ತಂದು ತುಂಬುತ್ತಿತ್ತು. ದುಷ್ಟನೊಬ್ಬನು ತನ್ನ ಹೆಸರನ್ನು ಬರೆಯುವ ಜಾಗದಲ್ಲಿ ಅಂಥ ಗುರುತನ್ನೂ ತನ್ನದೇ ವಿಳಾಸವನ್ನೂ ಬರೆದರೆ ಸಾಕು. ಎಲ್ಲೋ ಇರುವ ಗಣಕ ಅದನ್ನು ದಿನಚರಿಗೆ ಬರೆಯಹೊರಟು, ಅವನ ಕ್ರಮವಿಧಿಯನ್ನು ತಾನೇ ತರಿಸಿಕೊಂಡು ನಡೆಸುತ್ತಿತ್ತು. ಅಪಾಯದ ಅಳತೆಯಲ್ಲಿ ಇದಕ್ಕೆ ಹತ್ತಕ್ಕೆ ಹತ್ತು ಅಂಕ ಬಂತು. ಆ ಸೌಲಭ್ಯ ತಮಗೂ ಹಿಡಿಸಿರಲಿಲ್ಲ, ಹಳೆಯ ಬಳಕೆದಾರರಿಗೆ ತೊಂದರೆಯಾಗದಿರಲೆಂದು ಉಳಿಸಿಕೊಂಡಿದ್ದೆವು ಎಂದು ಲೈಬ್ರರಿಯ ನಿರ್ವಾಹಕರಲ್ಲೊಬ್ಬರು ಆಗ ತಿಳಿಸಿದರು. ನಿರ್ವಾಹಕರು ಸಂಬಳಕ್ಕಾಗಿ ಅಲ್ಲಿದ್ದವರಲ್ಲ, ಸ್ವಯಂಸೇವಕರು. ಅವರ ಕೆಲಸದಿಂದ ಲಾಭ ಪಡೆದ ದೊಡ್ಡ ಸಂಸ್ಥೆಗಳು ಅಲ್ಲಿಯವರೆಗೆ ಅವರನ್ನು ನೆನೆದದ್ದು ಕಡಿಮೆ. ಆ ತಿಂಗಳು ಮಾತ್ರ ಎಲ್ಲರೂ ಒಟ್ಟಿಗೆ ನೆನೆದರು, ಬೈಗುಳದ ಸಮೇತ. ಅವರು ಒಂದೇ ತಿಂಗಳಿನಲ್ಲಿ ನಾಲ್ಕು ತಿದ್ದಿದ ಆವೃತ್ತಿಗಳನ್ನು ಹೊರಡಿಸಿದರು.

ಆದುದರಿಂದ ಯಾವುದನ್ನು ಉಳಿಸಬೇಕು, ಯಾವುದನ್ನು ಕಳೆಯಬೇಕೆಂಬ ವಾದ ಇನ್ನೂ ನಡೆದಿದೆ. ಜಾವಾದ ಒಂಬತ್ತನೆಯ ಆವೃತ್ತಿ ೨೦೧೭ರಲ್ಲಿ ಬಂದಾಗ ಎಚ್ಚರಿಕೆಯ ಮುದ್ರೆಯಲ್ಲಿಯೇ ಎರಡು ಬಗೆ ಮಾಡಿದರು: ಬಳಸಬೇಡಿ ಎಂಬುದು ಒಂದು, ಮುಂದೆ ತೆಗೆದುಹಾಕುತ್ತೇವೆ ಎಂಬುದು ಇನ್ನೊಂದು. ಡೇಟ್‌ನ ಸೊನ್ನೆಯ ತಿಂಗಳಿಗೆ ಬಿದ್ದಿರುವುದು ಮೊದಲನೆಯದೇ. ಅದು ಸರಿಯೆಂದೇ ನನ್ನ ಎಣಿಕೆ. ಅದು ಕುರೂಪಿ, ಆದರೆ ಲಾಗ್ ಫೋರ್ ಜೆಯಂತೆ ಮನೆಗೆ ಕಳ್ಳನನ್ನು ಕರೆತರುವುದಿಲ್ಲ.

ಇನ್ನು ಜೋಡಾ ಟೈಮ್‌ನ ವಿಷಯ. ಅದರ ನಿರ್ವಾಹಕರೇ ಇಂದು ಅದನ್ನು ಮುಗಿದ ಕೆಲಸವೆಂದು ಹೇಳಿ, ಬಳಸುವವರನ್ನು ಜಾವಾದ ಒಳಗಿನ ಹೊಸ ಲೈಬ್ರರಿಗೆ ಹೋಗಿರೆಂದು ಕಳುಹಿಸುತ್ತಾರೆ. ಆದರೂ ಅದಕ್ಕೆ ಆರೈಕೆ ತಪ್ಪಿಲ್ಲ. ದೇಶದೇಶಗಳ ಸರಕಾರಗಳು ಗಡಿಯಾರವನ್ನು ಹಿಂದುಮುಂದು ಮಾಡುತ್ತಲೇ ಇರುವುದರಿಂದ ಕಾಲವಲಯಗಳ ಪಟ್ಟಿ ಹಳತಾಗುತ್ತದೆ. ಆ ಪಟ್ಟಿಯನ್ನು ಹೊಸದಾಗಿಸುತ್ತಿರಬೇಕು. ಪಟ್ಟಿಯನ್ನು ಇಟ್ಟಿರುವವರೂ ಬಹುಮಟ್ಟಿಗೆ ಸ್ವಯಂಸೇವಕರೇ. ನಮ್ಮ ದೇಶದ ಐದೂವರೆ ಗಂಟೆಯ ಲೆಕ್ಕ ಅಲ್ಲಿದೆ. ಎರಡನೆಯ ಮಹಾಯುದ್ಧದ ನಡುವೆ, ೧೯೪೨ರಿಂದ ೧೯೪೫ರವರೆಗೆ, ನಾವು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ಆರೂವರೆ ಗಂಟೆಯ ಲೆಕ್ಕದಲ್ಲಿ ನಡೆದದ್ದೂ ಅಲ್ಲಿದೆ. ಭಾರತದ ವಲಯಕ್ಕೆ ಮೊದಲು ಆ ಪಟ್ಟಿಯಲ್ಲಿದ್ದ ಹೆಸರು ಏಷ್ಯಾದ ಕಲ್ಕತ್ತೆಯೆಂದು. ೨೦೦೧ರಲ್ಲಿ ಆ ನಗರದ ಹೆಸರು ಕೋಲ್ಕತಾ ಎಂದಾದ ಮೇಲೆ ಪಟ್ಟಿಯಲ್ಲಿಯೂ ತಿದ್ದಿದರು. ಹಳೆಯ ಹೆಸರನ್ನು ಅಳಿಸಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಬರೆದಿಟ್ಟ ಕ್ರಮವಿಧಿಯೊಂದು ಇಂದು ಕಲ್ಕತ್ತೆಯ ವೇಳೆ ಏನೆಂದು ಕೇಳಿದರೂ ಅದಕ್ಕೆ ಸರಿಯಾದ ಉತ್ತರವೇ ದೊರೆಯುತ್ತದೆ.